ಬೆಸುಗೆಯ ಹೊಗೆಗೊಂದು ದಾರಿ

ದೇವನಹಳ್ಳಿ ತಾಲ್ಲೂಕಿನ ನಲ್ಲೂರು ಎಂದ ಕೂಡಲೇ ಹುಣಸೆತೋಪು ನೆನಪಾಗುತ್ತದೆ. 50 ಎಕರೆಗೂ ಮಿಕ್ಕ ಜಾಗ, ಅದರಲ್ಲಿ 300ರ ಆಸುಪಾಸು ಮುದಿ ಮರಗಳು. ಕೆಲವು ಮರಗಳ ಕಾಂಡ ಟೊಳ್ಳಾಗಿ, ಒಳಗೆ ಮಕ್ಕಳು ನುಸುಳಿ ನಿಲ್ಲುವಷ್ಟು ಜಾಗವಾಗಿದೆ. 2007ರಲ್ಲಿ ಈ ತೋಪನ್ನು ಜೀವವೈವಿಧ್ಯ ಪಾರಂಪರಿಕ ತಾಣವೆಂದು ಘೋಷಿಸಿದರು. ದೇಶದಲ್ಲಿ ಈ ಗೌರವ ಮೊದಲು ಸಿಕ್ಕಿದ್ದು ಇದಕ್ಕೇ. ಸಾರಿಗೆ, ಗೊಜ್ಜಿಗೆ, ಪುಳಿಯೋಗರೆಗೆ ಹುಣಸೆಹಣ್ಣು ಬೇಕು ಎನ್ನುವುದು ಎಲ್ಲರಿಗೂ ಗೊತ್ತು. ಅಕ್ಕಸಾಲಿಗರ ಮನೆಯಲ್ಲಿ ಅದು ಅಡುಗೆಮನೆ ದಾಟಿ ಕೆಲಸದ ಮಣೆಯ ಪಕ್ಕಕ್ಕೂ ಬರುತ್ತದೆ. ಬೆಸುಗೆ ಹಾಕಿದ ಬೆಳ್ಳಿ ಕರ್ರಗಾಗಿರುತ್ತದಲ್ಲ, ಅದನ್ನು ಹುಣಸೆಹಣ್ಣಿನ ಬಿಸಿನೀರಿನಲ್ಲಿ ಹಾಕಿಟ್ಟರೆ ಕಪ್ಪು ಬಿಡುತ್ತದೆ.

ಹುಣಸೆನೀರಿನ ಮಾತಿಗೆ ಕೊನೆಯಲ್ಲಿ ಬರೋಣ. ಈ ವಾರ ಮೊದಲು ನೋಡಬೇಕಾದದ್ದು ಆ ಕಪ್ಪಿಗಿಂತ ಮುಂಚೆ ಏಳುವ ಹೊಗೆಯನ್ನು. ಮನೆಯಲ್ಲೇ ಒಡವೆ ಕೆಲಸ ಮಾಡುವವರು ನಮ್ಮಲ್ಲಿ ಇಂದಿಗೂ ಬಹಳ. ತಲೆಮಾರುಗಳಿಂದ ಮಾಡಿಕೊಂಡು ಬಂದ ಅಕ್ಕಸಾಲಿಗರಿದ್ದಾರೆ. ಈಚೆಗೆ ತರಬೇತಿ ಪಡೆದು ಬೆಳ್ಳಿಯ ಓಲೆ, ಜುಮುಕಿ ಮಾಡಿ ಮಾರುವ ಹೆಣ್ಣುಮಕ್ಕಳೂ ಇದ್ದಾರೆ. ಇಬ್ಬರಿಗೂ ಜಾಗದ ತೊಂದರೆ ಒಂದೇ. ಅಂಗಡಿ ಬೇರೆ, ಮನೆ ಬೇರೆ ಎನ್ನುವ ಅನುಕೂಲ ಇಲ್ಲ. ಅಪ್ಪ ಬೆಸುಗೆ ಹಾಕುವ ಕೋಣೆಯಲ್ಲೇ ಮಗಳು ಮನೆಪಾಠ ಬರೆಯುತ್ತಾಳೆ, ಮೂಲೆಯಲ್ಲಿ ಕೂಸಿನ ತೊಟ್ಟಿಲಿರುತ್ತದೆ.

ಹಾಗಾದರೆ ಆ ಕೋಣೆಯ ಗಾಳಿ ಎಲ್ಲಿಂದ ಬಂದು ಎಲ್ಲಿಗೆ ಹೋಗುತ್ತದೆ?

ಮೊದಲು ಬೆಸುಗೆ ಎಂದರೇನು ಎನ್ನುವುದನ್ನು ನೋಡಿಬಿಡೋಣ. ಉಂಗುರದ ಎರಡು ತುದಿ ಸೇರಬೇಕು. ಬರೀ ಕಾಯಿಸಿದರೆ ಸೇರುವುದಿಲ್ಲ, ಹೆಚ್ಚು ಕಾಯಿಸಿದರೆ ಉಂಗುರವೇ ಕರಗಿ ಗುಂಡಾಗುತ್ತದೆ. ಶುದ್ಧ ಬೆಳ್ಳಿ ಕರಗುವುದು 962 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಚಿನ್ನ 1064ರಲ್ಲಿ, ತಾಮ್ರ 1085ರಲ್ಲಿ. ಅದಕ್ಕೇ ಅಕ್ಕಸಾಲಿಗರು ಒಡವೆಗಿಂತ ಬೇಗ ಕರಗುವ ಇನ್ನೊಂದು ಮಿಶ್ರಲೋಹವನ್ನು ಸಣ್ಣ ಚೂರು ಮಾಡಿ ಕೂಡಿನ ಮೇಲೆ ಇಡುತ್ತಾರೆ. ಬೆಳ್ಳಿಯ ಬೆಸುಗೆಯಾದರೆ ಬೆಳ್ಳಿ, ತಾಮ್ರ, ಸತು ಬೆರೆತಿರುತ್ತದೆ. ಜೊತೆಗೆ ಬಿಳಿಗಾರದ ಲೇಪ. ಕಾದ ಲೋಹದ ಮೇಲೆ ಬಿಳಿಗಾರ ಗಾಜಿನಂತೆ ಹರಡಿ ಗಾಳಿ ತಾಗದಂತೆ ಕಾಯುತ್ತದೆ. ಉರಿ ತಾಗಿದಾಗ ಬೆಸುಗೆ ಕರಗಿ, ಕೂಡಿನೊಳಗೆ ಮಿಂಚಿನಂತೆ ಓಡಿ ಸೇರಿಕೊಳ್ಳುತ್ತದೆ. ನೋಡಲು ಬಲು ಚೆಂದ. ಮಕ್ಕಳು ಹತ್ತಿರ ಬಂದು ಬಗ್ಗಿ ನೋಡುವುದು ಈ ಗಳಿಗೆಯನ್ನೇ, ಹೊಗೆ ಹೆಚ್ಚಾಗಿ ಏಳುವುದೂ ಆಗಲೇ.

ಈ ಹೊಗೆಯಲ್ಲಿ ಏನಿದೆ ಎನ್ನುವುದು ಬೆಸುಗೆಯಲ್ಲಿ ಏನಿದೆ ಎನ್ನುವುದರ ಮೇಲೆ ನಿಂತಿದೆ. ನೀರು 100 ಡಿಗ್ರಿಯಲ್ಲಿ ಕುದಿದು ಆವಿಯಾಗುವಂತೆ ಲೋಹವೂ ಕುದಿಯುತ್ತದೆ. ಸತು ಕುದಿಯುವುದು 907 ಡಿಗ್ರಿಯಲ್ಲಿ. ಗ್ಯಾಸಿನ ಉರಿ ಅದನ್ನು ಸುಲಭವಾಗಿ ಮೀರುತ್ತದೆ. ಆವಿಯಾದ ಸತು ಗಾಳಿಯ ಆಮ್ಲಜನಕ ಸೇರಿ ಬಿಳಿ ಹೊಗೆಯಾಗುತ್ತದೆ. ಇದನ್ನು ಹೆಚ್ಚು ಉಸಿರಾಡಿದವರಿಗೆ ಸಂಜೆಯೋ ರಾತ್ರಿಯೋ ಚಳಿ, ಜ್ವರ, ಮೈಕೈ ನೋವು ಬರುತ್ತದೆ. ಲೋಹದ ಹೊಗೆಯ ಜ್ವರ ಎನ್ನುತ್ತಾರೆ. ಹಿತ್ತಾಳೆ ಎರಕದವರಿಗೆ ಇದು ಹಳೆಯ ಪರಿಚಯ. ದಿನವೂ ಉಸಿರಾಡುತ್ತಿದ್ದರೆ ಮೈ ಒಗ್ಗಿಕೊಳ್ಳುತ್ತದೆ, ಭಾನುವಾರ ರಜೆ ಮಾಡಿ ಸೋಮವಾರ ಕೆಲಸಕ್ಕೆ ಕೂತರೆ ಮತ್ತೆ ಜ್ವರ! ಹಾಗಾಗಿ ಹೊರದೇಶಗಳಲ್ಲಿ ಇದಕ್ಕೆ ‘ಸೋಮವಾರದ ಜ್ವರ’ ಎಂಬ ಹೆಸರೂ ಇದೆ. ಒಂದೆರಡು ದಿನದಲ್ಲಿ ತಾನಾಗಿ ಇಳಿಯುತ್ತದೆ.

ಇಳಿಯದೇ ಇರುವುದು ಇನ್ನೊಂದಿದೆ, ಕ್ಯಾಡ್ಮಿಯಂ. ಅದು ಕೇವಲ 767 ಡಿಗ್ರಿಗೆ ಕುದಿಯುತ್ತದೆ. ಅಂದರೆ ಬೆಸುಗೆ ಕರಗುವ ಹೊತ್ತಿಗೇ ಅದರ ಒಂದು ಪಾಲು ಗಾಳಿಗೆ ಏರಿಬಿಟ್ಟಿರುತ್ತದೆ.

ಮದುವೆ ಒಡವೆ ಕೊಂಡ ಮನೆಗಳಲ್ಲೆಲ್ಲ ‘ಕೆ.ಡಿ.ಎಂ. ಚಿನ್ನ’ ಎಂಬ ಮಾತು ಕೇಳಿರುತ್ತೀರಿ. ಅದೇನೋ ಒಂದು ಬಗೆಯ ಹೆಚ್ಚು ಶುದ್ಧವಾದ ಚಿನ್ನ ಎಂದು ತಿಳಿದವರೇ ಬಹಳ. ಆ ಮೂರಕ್ಷರ ಕ್ಯಾಡ್ಮಿಯಂ ಬೆಸುಗೆಯ ಗುರುತು. ಹಿಂದೆ ಚಿನ್ನಕ್ಕೆ ಹಾಕುತ್ತಿದ್ದ ಬೆಸುಗೆಯಲ್ಲಿ ತಾಮ್ರದ ಪಾಲು ಹೆಚ್ಚಿತ್ತು. ಬೆಸುಗೆ ಹೆಚ್ಚಿದಷ್ಟೂ ಒಡವೆಯ ಒಟ್ಟು ಶುದ್ಧತೆ 22 ಕ್ಯಾರೆಟ್‌ಗಿಂತ ಕೆಳಗೆ ಇಳಿಯುತ್ತಿತ್ತು. ನೂರಕ್ಕೆ 92 ಪಾಲು ಚಿನ್ನಕ್ಕೆ 8 ಪಾಲು ಕ್ಯಾಡ್ಮಿಯಂ ಬೆರೆಸಿದರೆ ಬೆಸುಗೆಯೂ ಹೆಚ್ಚುಕಡಿಮೆ 22 ಕ್ಯಾರೆಟ್ಟಿನದೇ ಆಗುತ್ತದೆ, ಬೇಗ ಕರಗುತ್ತದೆ, ಚೆನ್ನಾಗಿ ಹರಿಯುತ್ತದೆ. ಕೊಳ್ಳುವವರಿಗೆ ಲಾಭ, ಮಾಡುವವರಿಗೆ ಸುಲಭ. ನಷ್ಟವೆಲ್ಲ ಬೆಸುಗೆ ಹಾಕುವವರ ಶ್ವಾಸಕೋಶಕ್ಕೆ ಮತ್ತು ಮೂತ್ರಪಿಂಡಕ್ಕೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಕ್ಯಾಡ್ಮಿಯಂ ಅನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿದೆ. ಜಪಾನಿನ ಜಿಂಜು ನದಿಯ ದಂಡೆಯ ಜನ ಗಣಿಯಿಂದ ಬಂದ ಕ್ಯಾಡ್ಮಿಯಂ ಸೇರಿದ ನೀರಿನಲ್ಲಿ ಬೆಳೆದ ಅಕ್ಕಿ ಉಂಡು ಮೂಳೆ ಮುರಿಯುವ ಕಾಯಿಲೆಗೆ ಬಿದ್ದರು. ‘ಇಟಾಯ್-ಇಟಾಯ್’ ಎಂದು ಆ ಕಾಯಿಲೆಯ ಹೆಸರು. ಜಪಾನಿ ಭಾಷೆಯಲ್ಲಿ ಅದಕ್ಕೆ ‘ಅಯ್ಯೋ ನೋವು, ನೋವು’ ಎಂದೇ ಅರ್ಥ.

ಭಾರತೀಯ ಮಾನಕ ಬ್ಯೂರೋದ ನಿಯಮದಂತೆ ಹಾಲ್‌ಮಾರ್ಕ್ ಚಿನ್ನದ ಒಡವೆಯಲ್ಲಿ ಕ್ಯಾಡ್ಮಿಯಂ ಬೆಸುಗೆ ಇರುವಂತಿಲ್ಲ. 2021ರ ಜೂನ್‌ನಿಂದ ದೇಶದ 256 ಜಿಲ್ಲೆಗಳಲ್ಲಿ ಹಾಲ್‌ಮಾರ್ಕ್ ಕಡ್ಡಾಯವಾಯಿತು, ಆಮೇಲೆ ಇನ್ನಷ್ಟು ಜಿಲ್ಲೆಗಳು ಸೇರಿದವು. ಆದರೂ ಹಳೆಯ ಒಡವೆ ರಿಪೇರಿಗೆ ಬರುತ್ತದಲ್ಲ! ಅಜ್ಜಿಯ ಸರದ ಕೊಂಡಿ ಬಿಟ್ಟಿದೆ ಎಂದು ತಂದುಕೊಟ್ಟಾಗ ಅದರ ಹಳೆಯ ಬೆಸುಗೆಯಲ್ಲಿ ಏನಿದೆ ಎಂದು ಬರಿಗಣ್ಣಿಗೆ ಹೇಗೆ ತಿಳಿಯಬೇಕು? ಉರಿ ತಾಗಿದ ಕೂಡಲೇ ಒಳಗಿನದು ಹೊರಗೆ ಬರುತ್ತದೆ. ಕ್ಯಾಡ್ಮಿಯಂ ಹೊಗೆಗೆ ಎಚ್ಚರಿಸುವಂಥ ಘಾಟು ವಾಸನೆ ಇಲ್ಲ. ಉಸಿರಾಡಿದವರಿಗೆ ಆಗಲೇ ಏನೂ ಅನ್ನಿಸುವುದಿಲ್ಲ. ಕೆಲವು ಗಂಟೆಗಳ ಮೇಲೆ ಗಂಟಲು ಒಣಗಿ, ಕೆಮ್ಮು, ಚಳಿಜ್ವರ ಶುರುವಾಗುತ್ತದೆ. ಶೀತ ಎಂದು ಕಷಾಯ ಕುಡಿದು ಮಲಗುತ್ತಾರೆ. ಸತುವಿನ ಜ್ವರವಾಗಿದ್ದರೆ ಮಾರನೆಯ ದಿನ ಸರಿಹೋಗುತ್ತದೆ. ಕ್ಯಾಡ್ಮಿಯಂ ಆಗಿದ್ದರೆ ಎದೆ ಬಿಗಿದು, ಶ್ವಾಸಕೋಶದಲ್ಲಿ ನೀರು ತುಂಬಿ ಜೀವಕ್ಕೇ ಬರಬಹುದು. ಬೆಸುಗೆ ಹಾಕಿದ ದಿನ ರಾತ್ರಿ ಜ್ವರ, ಕೆಮ್ಮು ಬಂದರೆ ವೈದ್ಯರ ಬಳಿ ಹೋಗಿ, ಹೋದಾಗ ಮೊದಲ ಮಾತಾಗಿ ‘ಈ ಹೊತ್ತು ಇಂಥ ಲೋಹ ಕಾಯಿಸಿದ್ದೆ’ ಎಂದು ಹೇಳಿ. ನೀವು ಹೇಳದಿದ್ದರೆ ಅವರಿಗೆ ಹೊಳೆಯುವ ದಾರಿಯೇ ಇಲ್ಲ. ಮನೆಯವರೆಲ್ಲ ತಿಳಿದಿರಬೇಕಾದ ವಿಷಯ ಇದು.

ಹೊಸ ಬೆಸುಗೆ ಕೊಳ್ಳುವಾಗ ಕ್ಯಾಡ್ಮಿಯಂ ಇಲ್ಲದ್ದನ್ನೇ ಕೇಳಿ ತನ್ನಿ. ಬಿಳಿಗಾರದ ಬದಲು ಡಬ್ಬಿಯ ಪೇಸ್ಟ್ ಬಳಸುವವರು ಅದರಲ್ಲಿ ಫ್ಲೋರೈಡ್ ಇದೆಯೇ ನೋಡಿ. ಕಾದಾಗ ಅದರ ಹೊಗೆ ಮೂಗು, ಕಣ್ಣು, ಗಂಟಲನ್ನು ಉರಿಸುತ್ತದೆ. ಸಾದಾ ಬಿಳಿಗಾರವೇ ವಾಸಿ. ಏನನ್ನು ಕಾಯಿಸುತ್ತೇವೆ ಎನ್ನುವುದನ್ನು ಸರಿಮಾಡಿಕೊಂಡರೆ ಅರ್ಧ ಕೆಲಸ ಆದಂತೆ. ಉಳಿದರ್ಧ ಗಾಳಿಯದು.

ಗಾಳಿ ಎಂದರೆ ಅಕ್ಕಸಾಲಿಗರು ಮುಖ ಸಿಂಡರಿಸುತ್ತಾರೆ, ಅದಕ್ಕೆ ಕಾರಣವೂ ಇದೆ. ಉರಿ ಅಲುಗಿದರೆ ಬೆಸುಗೆ ಕೆಡುತ್ತದೆ. ಫ್ಯಾನ್ ಹಾಕಿದರೆ ಕೂಡಿನ ಮೇಲಿಟ್ಟ ಸಾಸಿವೆಗಿಂತ ಸಣ್ಣ ಬೆಸುಗೆಯ ಚೂರು ಹಾರಿಹೋಗುತ್ತದೆ. ಅರ ಹಾಕಿದ ಚಿನ್ನದ ಪುಡಿಯ ಚಿಂತೆ ಬೇರೆ. ಅಕ್ಕಸಾಲಿಗರ ಅಂಗಡಿಯ ಕಸವನ್ನೂ ದುಡ್ಡು ಕೊಟ್ಟು ಕೊಂಡು ಜಾಲಾಡಿ ಚಿನ್ನ ತೆಗೆಯುವವರಿದ್ದಾರೆ ಎಂದ ಮೇಲೆ ಕಿಟಕಿ ತೆರೆಯಲು ಮನಸ್ಸು ಬರುವುದು ಹೇಗೆ? ಹೀಗಾಗಿ ಬೆಸುಗೆಗೆ ಕೂರುವ ಮೊದಲು ಫ್ಯಾನ್ ಆರಿಸಿ, ಕಿಟಕಿ ಮುಚ್ಚಿ, ಬಾಗಿಲು ಓರೆ ಮಾಡುವುದು ರೂಢಿ.

ಹಿಂದೆಯೂ ಹೀಗೇ ಮಾಡುತ್ತಿದ್ದರಲ್ಲ ಎನ್ನಬಹುದು. ಹಿಂದಿನ ಮನೆ ಬೇರೆ. ನಾಡಹೆಂಚಿನ ಮಾಡಿನಲ್ಲಿ ಹೆಂಚು ಹೆಂಚಿನ ನಡುವೆ ಸಂದಿ ಇತ್ತು. ಬಿಸಿ ಹೊಗೆ ಮೇಲೇರಿ ತಾನಾಗಿ ಸೋರಿಹೋಗುತ್ತಿತ್ತು. ತೊಟ್ಟಿಮನೆಯ ನಡುವೆ ಆಕಾಶವೇ ತೆರೆದಿರುತ್ತಿತ್ತು. ಎಷ್ಟೋ ಮಂದಿ ಜಗಲಿಯ ಮೇಲೆಯೇ ಕೂತು ಕೆಲಸ ಮಾಡುತ್ತಿದ್ದರು. ಈಗ ಹಳ್ಳಿಯಲ್ಲೂ ಆರ್.ಸಿ.ಸಿ. ತಾರಸಿ. ಹತ್ತಡಿ ಎತ್ತರಕ್ಕೆ ಏರಿದ ಹೊಗೆ ತಾರಸಿಗೆ ಬಡಿದು, ತಣಿದು, ಮತ್ತೆ ಕೆಳಗೆ ತೊಟ್ಟಿಲ ಮಟ್ಟಕ್ಕೆ ಇಳಿಯುತ್ತದೆ. ಹಳೆಯ ಕಾಲದವರಿಗೆ ಅಪಾಯ ಇರಲಿಲ್ಲ ಎಂದೇನೂ ನಾನು ಹೇಳುತ್ತಿಲ್ಲ. ಊದುಗೊಳವೆಯಲ್ಲಿ ಉರಿ ಊದುವವರು ಕೆನ್ನೆಯಲ್ಲಿ ಗಾಳಿ ತುಂಬಿಟ್ಟು ಊದುತ್ತಲೇ ಮೂಗಿನಿಂದ ಉಸಿರು ಒಳಗೆಳೆಯುತ್ತಾರೆ. ಮೂಗು ಇರುವುದು ಉರಿಯಿಂದ ಒಂದಡಿ ದೂರದಲ್ಲಿ. ಅವರು ಎಳೆದುಕೊಳ್ಳುತ್ತಿದ್ದುದು ಯಾವ ಗಾಳಿಯನ್ನು ಎಂದು ಬಿಡಿಸಿ ಹೇಳಬೇಕಿಲ್ಲ.

ಈಗ ಹೆಚ್ಚಿನವರು ಮಾಡುವ ಪರಿಹಾರ ನೋಡೋಣ. ಗೋಡೆಯಲ್ಲಿ, ತಾರಸಿಗೆ ಹತ್ತಿರ, ಒಂದು ಎಕ್ಸಾಸ್ಟ್ ಫ್ಯಾನ್ ಕೂರಿಸುತ್ತಾರೆ. ಅಡುಗೆಮನೆಯಲ್ಲಿ ಇರುವಂಥದ್ದೇ. ಕೆಲಸದ ಮಣೆ ನೆಲದ ಮೇಲೆ ಅಥವಾ ಮೇಜಿನ ಮಟ್ಟದಲ್ಲಿ, ಫ್ಯಾನು ತಲೆಯ ಮೇಲೆ ಏಳೆಂಟಡಿ ಎತ್ತರದಲ್ಲಿ. ಕೋಣೆಯ ಹೊಗೆ ನಿಧಾನವಾಗಿ ಹೋಗುತ್ತದೆ, ನಿಜ. ಆದರೆ ಉರಿಯಿಂದ ಫ್ಯಾನಿಗೆ ಹೋಗುವ ದಾರಿಯ ನಡುವೆ ಏನಿದೆ? ಬಗ್ಗಿ ಕೂತವರ ಮುಖ! ಫ್ಯಾನು ಹೊಗೆಯನ್ನು ಮೂಗಿನ ಮುಂದೆಯೇ ಮೆರವಣಿಗೆ ಮಾಡಿಸಿಕೊಂಡು ಹೋಗುತ್ತದೆ. ಇದಕ್ಕಿಂತ ದೊಡ್ಡ ಫ್ಯಾನು ತಂದರೂ ಮೆರವಣಿಗೆಯ ದಾರಿ ಅದೇ. ತಾಜಾ ಗಾಳಿ ಬೆನ್ನ ಹಿಂದಿನಿಂದ ಬಂದು, ಮುಖವನ್ನು ದಾಟಿ, ಆಮೇಲೆ ಉರಿಯ ಹತ್ತಿರ ಹೋಗಿ, ಅಲ್ಲಿಂದ ಹೊರಗೆ ಹೋಗಬೇಕು. ಮೊದಲು ಮೂಗು, ನಂತರ ಹೊಗೆ. ಈ ಕ್ರಮ ಸರಿಯಿದ್ದರೆ ಸಣ್ಣ ಫ್ಯಾನೂ ಸಾಕು.

ಮಕ್ಕಳಿಗೊಂದು ಆಟ. ಮೇಜಿನ ಮೇಲೆ ಕಾಗದದ ಸಣ್ಣ ಚೂರುಗಳನ್ನು ಹರಡಿ. ಒಂದು ಗೇಣು ದೂರದಿಂದ ‘ಉಫ್’ ಎಂದು ಊದಿ. ಎಲ್ಲ ಹಾರಿಹೋಗುತ್ತವೆ. ಮತ್ತೆ ಹರಡಿ, ಅದೇ ಗೇಣು ದೂರದಿಂದ ಬಾಯಲ್ಲಿ ಗಾಳಿ ಒಳಗೆ ಎಳೆಯಿರಿ. ಒಂದು ಚೂರೂ ಅಲುಗುವುದಿಲ್ಲ! ಊದಿದ ಗಾಳಿ ಬಾಣದಂತೆ ಒಂದೇ ದಿಕ್ಕಿಗೆ ಹೋಗುತ್ತದೆ. ಎಳೆಯುವಾಗ ಗಾಳಿ ಎಡ, ಬಲ, ಮೇಲೆ, ಕೆಳಗೆ ಎಲ್ಲ ಕಡೆಯಿಂದಲೂ ಬರುವುದರಿಂದ ಸ್ವಲ್ಪ ದೂರ ಹೋದರೂ ಬಲ ಉಳಿಯುವುದಿಲ್ಲ. ಎಕ್ಸಾಸ್ಟ್ ಫ್ಯಾನಿನದೂ ಇದೇ ಕಥೆ.

ಲೆಕ್ಕ ಇಷ್ಟಪಡುವವರಿಗೆ ಸ್ವಲ್ಪ ಲೆಕ್ಕ. ಫ್ಯಾನಿನ ಪೆಟ್ಟಿಗೆಯ ಮೇಲೆ ಗಂಟೆಗೆ ಎಷ್ಟು ಘನ ಮೀಟರ್ ಗಾಳಿ ಸಾಗಿಸುತ್ತದೆ ಎಂದು ಬರೆದಿರುತ್ತದೆ. ನಮ್ಮದು 9 ಇಂಚಿನ ಫ್ಯಾನು, ಗಂಟೆಗೆ 600 ಘನ ಮೀಟರ್ ಎಂದಿಟ್ಟುಕೊಳ್ಳೋಣ. ಫ್ಯಾನಿನ ಬಾಯಲ್ಲೇ ಗಾಳಿಯ ವೇಗ ಸೆಕೆಂಡಿಗೆ 4 ಮೀಟರಿನಷ್ಟು. 15 ಸೆಂ.ಮೀ. ದೂರದಲ್ಲಿ ಅದು 60 ಸೆಂ.ಮೀ.ಗೆ ಇಳಿಯುತ್ತದೆ. 30 ಸೆಂ.ಮೀ. ದೂರದಲ್ಲಿ 18. 60 ಸೆಂ.ಮೀ. ದೂರ, ಅಂದರೆ ಎರಡಡಿ ಹೋದರೆ 5 ಸೆಂ.ಮೀ. ಕೂಡ ಇಲ್ಲ. ದೂರ ಎರಡು ಪಟ್ಟಾದರೆ ಎಳೆತ ಸುಮಾರು ನಾಲ್ಕನೆಯ ಒಂದು ಪಾಲಿಗೆ ಬೀಳುತ್ತದೆ. ಬೆಸುಗೆಯ ಹೊಗೆಯನ್ನು ತಪ್ಪಿಸಿಕೊಳ್ಳದಂತೆ ಹಿಡಿಯಲು ಸೆಕೆಂಡಿಗೆ ಸುಮಾರು 50 ಸೆಂ.ಮೀ. ವೇಗ ಬೇಕು. ಈಗ ಏಳಡಿ ಎತ್ತರದ ಫ್ಯಾನು ಮಣೆಯ ಮೇಲಿನ ಹೊಗೆಯನ್ನು ಎಷ್ಟು ಹಿಡಿದೀತು, ನೀವೇ ಹೇಳಿ.

ಹಾಗಾದರೆ ಫ್ಯಾನನ್ನು ಹೊಗೆಯ ಹತ್ತಿರ ತರಬೇಕು, ಜೊತೆಗೆ ಅದು ಎಲ್ಲ ಕಡೆಯಿಂದ ಗಾಳಿ ಎಳೆಯದಂತೆ ಸುತ್ತ ಗೋಡೆ ಕಟ್ಟಬೇಕು. ಎರಡನ್ನೂ ಒಂದು ಪೆಟ್ಟಿಗೆ ಮಾಡುತ್ತದೆ.

ಹೊರಗೋಡೆಗೆ ಒರಗಿಸಿ ಕೆಲಸದ ಮೇಜನ್ನು ಇಡಿ. ಮೇಜಿನ ಮಟ್ಟದಿಂದ ಸ್ವಲ್ಪ ಮೇಲೆ, ಕೂತವರ ಎದೆಯ ಎತ್ತರದಲ್ಲಿ, ಗೋಡೆಗೆ ಫ್ಯಾನು ಬರಲಿ. ಅದರ ಮುಂದೆ ಮೇಜಿನ ಮೇಲೆ ಒಂದು ಪೆಟ್ಟಿಗೆ: ಎರಡು ಪಕ್ಕ ಮತ್ತು ಮೇಲ್ಭಾಗ ಮುಚ್ಚಿರಬೇಕು, ನಿಮ್ಮ ಕಡೆಗೆ ಮಾತ್ರ ತೆರೆದಿರಬೇಕು. ದೇವರಗೂಡಿನ ಆಕಾರ ಎನ್ನಿ. ಬಾಯಿ 45 ಸೆಂ.ಮೀ. ಅಗಲ, 40 ಸೆಂ.ಮೀ. ಎತ್ತರ ಇದ್ದರೆ ಎರಡು ಕೈ ಆಡಿಸಲು ಸಾಕು. ಬೆಸುಗೆಯ ಇಟ್ಟಿಗೆ, ಉರಿ ಎರಡೂ ಪೆಟ್ಟಿಗೆಯೊಳಗೇ ಇರಲಿ, ಮುಖ ಹೊರಗಿರಲಿ. ಆ 600 ಘನ ಮೀಟರ್ ಗಾಳಿ ಈಗ ಇಷ್ಟೇ ಬಾಯಿಂದ ಹೋಗಬೇಕಾದ್ದರಿಂದ ವೇಗ ಸೆಕೆಂಡಿಗೆ 90 ಸೆಂ.ಮೀ. ದಾಟುತ್ತದೆ. ಜಾಲರಿ, ಧೂಳು, ಹಳೆಯ ಮೋಟಾರು ಎಲ್ಲ ಸೇರಿ ಫ್ಯಾನು ಅರ್ಧವೇ ಕೆಲಸ ಮಾಡಿದರೂ ನಮಗೆ ಬೇಕಾದ 50ರ ಹತ್ತಿರ ಇರುತ್ತೇವೆ. ಫ್ಯಾನು ಅದೇ, ಕರೆಂಟ್ ಬಿಲ್ ಅದೇ!

ಪೆಟ್ಟಿಗೆಯನ್ನು ಏತರಿಂದ ಮಾಡಬೇಕು? ಪ್ಲೈವುಡ್ ಬೇಡ, ಉರಿ ತಾಗುತ್ತದೆ. ಸತು ಲೇಪಿಸಿದ ಜಿ.ಐ. ತಗಡು ಅಗ್ಗ, ಎಲ್ಲ ಕಡೆ ಸಿಗುತ್ತದೆ. ಆದರೆ ಉರಿ ನೇರ ತಾಗಿದರೆ ಅದರ ಸತುವೇ ಹೊಗೆಯಾಗುತ್ತದೆ. ಸಾದಾ ಕಬ್ಬಿಣದ ತಗಡು ಒಳ್ಳೆಯದು. ಮೂಲೆ ಸೇರಿದ ಹಳೆಯ ಟ್ರಂಕಿನ ಬಣ್ಣ ಕೆರೆದು ಅಡ್ಡ ಮಲಗಿಸಿದರೂ ಆಗುತ್ತದೆ. ಆ ಬಣ್ಣದಲ್ಲಿ ಸೀಸ ಇರಬಹುದು, ಆದ್ದರಿಂದ ಕೆರೆಯುವುದು ಮನೆಯ ಹೊರಗೆ, ಒದ್ದೆ ಮಾಡಿಕೊಂಡು, ಮಕ್ಕಳು ದೂರವಿದ್ದಾಗ. ಒಂದನ್ನು ಮಾತ್ರ ಖಂಡಿತ ಮಾಡಬೇಡಿ: ಹಳೆಯ ಆಸ್ಬೆಸ್ಟಾಸ್ ಶೀಟು ಒಡೆದು ಬೆಸುಗೆಯ ಹಲಗೆಯಾಗಿ ಬಳಸುವುದು. ಹಿಂದೆ ಇದು ರೂಢಿಯಲ್ಲೇ ಇತ್ತು. ಅದರ ನಾರು ಶ್ವಾಸಕೋಶಕ್ಕೆ ಹೋದರೆ ಹೊರಗೆ ಬರುವುದಿಲ್ಲ. ಉರಿ ತಡೆಯುವ ಇಟ್ಟಿಗೆ ಅಥವಾ ಗಟ್ಟಿ ಇದ್ದಿಲಿನ ತುಂಡು ಸಾಕು.

ಉರಿ ಅಲುಗುತ್ತದೆ ಎಂಬ ಚಿಂತೆಗೆ ಬರೋಣ. ಗಾಳಿ ಹೊರಗೆ ಹೋದಷ್ಟೇ ಒಳಗೂ ಬರಬೇಕು. ಬಾಗಿಲು, ಕಿಟಕಿ ಎಲ್ಲ ಮುಚ್ಚಿದರೆ ಫ್ಯಾನು ಸುಮ್ಮನೆ ಗಿರಗಿರ ತಿರುಗುತ್ತದೆ, ಇಲ್ಲವೇ ಬಚ್ಚಲಿನ, ಅಡುಗೆಮನೆಯ ಗಾಳಿಯನ್ನು ಎಳೆದು ತರುತ್ತದೆ. ಕೂತವರ ಬೆನ್ನ ಹಿಂದೆ ಒಂದು ಕಿಟಕಿ ತೆರೆದಿರಲಿ. ಎಷ್ಟು ತೆರೆಯಬೇಕು ಎನ್ನುವುದರಲ್ಲಿ ಗುಟ್ಟಿದೆ. ಒಂದಡಿ ಸಂದಿ ಬಿಟ್ಟರೆ ಅದೇ ಗಾಳಿ ಸೆಕೆಂಡಿಗೆ ಎರಡು ಮೀಟರಿನ ಹತ್ತಿರ ನುಗ್ಗಿ ಉರಿಯನ್ನು ಅಲುಗಿಸುತ್ತದೆ. ಎರಡಡಿಗೆ ಎರಡಡಿ ತೆರೆದರೆ ಅರ್ಧ ಮೀಟರಿಗೂ ಕಡಿಮೆ ವೇಗದಲ್ಲಿ, ಗೊತ್ತೇ ಆಗದಂತೆ ತೇಲಿ ಬರುತ್ತದೆ. ಉರಿ ಅಲುಗುತ್ತಿದೆ ಎಂದು ಕಿಟಕಿಯನ್ನು ಕಿರಿದು ಮಾಡುತ್ತಾ ಹೋದಷ್ಟೂ ಅಲುಗಾಟ ಹೆಚ್ಚುತ್ತದೆ. ಪೂರ್ತಿ ತೆರೆಯುವುದೇ ಮದ್ದು. ಛಾವಣಿಯ ಫ್ಯಾನನ್ನು ಮಾತ್ರ ಎಂದಿನಂತೆ ಆರಿಸಿಯೇ ಇಡಿ, ಅದು ಹೊಗೆಯನ್ನು ಕೋಣೆಯ ತುಂಬ ಹಂಚುತ್ತದೆ.

ಚಿನ್ನದ ಪುಡಿ ಹಾರಿಹೋಗುತ್ತದೆಯೇ? ಅರದಿಂದ ಬಿದ್ದ ಪುಡಿಯನ್ನು ಇಷ್ಟು ಮೆಲ್ಲಗಿನ ಗಾಳಿ ಎತ್ತಲಾರದು. ಚಿನ್ನ ನೀರಿಗಿಂತ 19 ಪಟ್ಟು ಭಾರ. ಅರ ಹಾಕುವ ಮಣೆಯನ್ನು ಪೆಟ್ಟಿಗೆಯಿಂದ ನಾಲ್ಕು ಮಾರು ದೂರ ಇಟ್ಟುಕೊಂಡರೆ ಇನ್ನೂ ನೆಮ್ಮದಿ. ಪಾಲಿಶ್ ಚಕ್ರದ ಧೂಳು ಮಾತ್ರ ಬಹಳ ಹಗುರ. ಅದಕ್ಕೆ ಬೇರೆ ಜಾಗ, ಬೇರೆ ಸಂಚಿ ಬೇಕು, ಈ ಫ್ಯಾನಿನ ಮುಂದೆ ಬೇಡ.

ಗಾಳಿ ಹೊರಗೆ ಹೋಗುವ ಬಾಯಿ ಯಾವ ದಿಕ್ಕಿಗಿರಬೇಕು? ನಮ್ಮ ಕಡೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಳಿ ಪಶ್ಚಿಮ, ನೈರುತ್ಯದಿಂದ ಬೀಸುತ್ತದೆ. ಚಳಿಗಾಲದಲ್ಲಿ ಪೂರ್ವ, ಈಶಾನ್ಯದಿಂದ. ಪಡುವಣ ಗೋಡೆಗೆ ಫ್ಯಾನು ಇಟ್ಟರೆ ಆಷಾಢದ ಗಾಳಿ ಹೊಗೆಯನ್ನು ವಾಪಸು ಒಳಗೆ ತಳ್ಳುತ್ತದೆ. ಉತ್ತರದ ಗೋಡೆ ಸಿಕ್ಕರೆ ಅನುಕೂಲ. ಬೇರೆ ದಾರಿಯಿಲ್ಲದಿದ್ದರೆ ಹೊರಗೆ ಕೆಳಮುಖದ ತಗಡಿನ ಮುಸುಕು ಹಾಕಿಸಿ. ಪಕ್ಕದ ಮನೆಯವರ ಕಿಟಕಿಯ ಕೆಳಗಂತೂ ಬೇಡ. ನಮ್ಮ ಮಗುವಿಗೆ ಬೇಡವಾದ ಹೊಗೆ ಅವರ ಮಗುವಿಗೆ ಏಕೆ? ಉದ್ದ ಕೊಳವೆ, ಮೂರು ನಾಲ್ಕು ಬಾಗು ಹಾಕಿದರೆ ಸಾದಾ ಎಕ್ಸಾಸ್ಟ್ ಫ್ಯಾನು ಸೋತುಹೋಗುತ್ತದೆ. ಗೋಡೆಯಿಂದ ನೇರ ಹೊರಗೆ ಹೋಗುವಂತಿರಲಿ. ಕೊಳವೆಯಿಲ್ಲದೆ ಇದ್ದಿಲಿನ ಫಿಲ್ಟರ್ ಮೂಲಕ ಗಾಳಿಯನ್ನು ಮತ್ತೆ ಕೋಣೆಗೇ ಬಿಡುವ ಅಡುಗೆಮನೆ ಚಿಮಣಿಗಳೂ ಮಾರಾಟಕ್ಕಿವೆ. ಒಗ್ಗರಣೆಯ ವಾಸನೆಗೆ ಅದು ಆದೀತು, ಲೋಹದ ಹೊಗೆಗೆ ಆಗದು.

ಎಲ್ಲ ಆದ ಮೇಲೆ ಒಂದು ಪರೀಕ್ಷೆ. ಇದಕ್ಕೆ ಯಂತ್ರ ಬೇಡ, ಒಂದು ಊದುಬತ್ತಿ ಸಾಕು. ಗ್ಯಾಸ್ ಹಚ್ಚುವ ಮೊದಲು, ಬೆಸುಗೆಯ ಇಟ್ಟಿಗೆಯ ಮೇಲೆ ಉರಿಯುವ ಊದುಬತ್ತಿ ಹಿಡಿಯಿರಿ. ಕೆಲಸಕ್ಕೆ ಕೂರುವಂತೆಯೇ ಒಬ್ಬರು ಬಗ್ಗಿ ಕೂರಲಿ, ಇನ್ನೊಬ್ಬರು ಪಕ್ಕದಿಂದ ನೋಡಲಿ. ನೋಡುವ ಕೆಲಸ ಮಕ್ಕಳಿಗೆ ಕೊಡಿ, ಅವರ ಕಣ್ಣು ಚುರುಕು. ಹೊಗೆಯ ಎಳೆ ನೇರ ಫ್ಯಾನಿನ ಕಡೆ ಬಾಗಿ ಓಡಬೇಕು. ಮುಖದ ಕಡೆ ಒಂದು ಸುತ್ತು ಬಂದರೂ ಪೆಟ್ಟಿಗೆಯನ್ನು ಇನ್ನಷ್ಟು ಮುಚ್ಚಿ, ಇಟ್ಟಿಗೆಯನ್ನು ಇನ್ನಷ್ಟು ಒಳಗೆ ತಳ್ಳಿ. ಆಮೇಲೆ ಊದುಬತ್ತಿ ಹಿಡಿದು ಕಿಟಕಿಯ ಬಳಿ, ಬಾಗಿಲ ಬಳಿ, ಮನೆಪಾಠದ ಮೇಜಿನ ಬಳಿ ನಿಂತು ನೋಡಿ. ಹೊಗೆ ಎಲ್ಲ ಕಡೆಯಿಂದಲೂ ಪೆಟ್ಟಿಗೆಯ ಕಡೆಗೇ ಬಾಗಿದರೆ ಕೆಲಸ ಸರಿಯಾಗಿದೆ. ತಿಂಗಳಿಗೊಮ್ಮೆ ಹೀಗೆ ನೋಡಬೇಕು, ಫ್ಯಾನಿನ ರೆಕ್ಕೆಗೆ ಧೂಳು ಕೂತರೆ ಎಳೆತ ಕುಗ್ಗುತ್ತದೆ. ಕೆಲಸ ಮುಗಿದ ಮೇಲೂ ಹತ್ತು ನಿಮಿಷ ಫ್ಯಾನು ಓಡಲಿ.

ಶಾಲೆಯ ಪ್ರಾಜೆಕ್ಟಿಗೆಂದು ಎಲೆಕ್ಟ್ರಾನಿಕ್ ಕಿಟ್‌ಗೆ ಬೆಸುಗೆ ಹಾಕುವ ಮಕ್ಕಳೂ ಇದೇ ಪೆಟ್ಟಿಗೆಯನ್ನು ಬಳಸಬಹುದು. ಆ ತಂತಿಯೊಳಗಿನ ರಾಳದ ಹೊಗೆ ಉಬ್ಬಸ ತರಬಲ್ಲದು. ತಂತಿಯಲ್ಲಿ ಸೀಸವಿದ್ದರೆ ಕೈ ತೊಳೆಯದೆ ತಿಂಡಿ ಮುಟ್ಟಬಾರದು. ಒಡವೆ ಕೆಲಸದವರಿಗೂ ಈ ಮಾತು ಸಲ್ಲುತ್ತದೆ. ಕಾಫಿ ಲೋಟವನ್ನು ಬೆಸುಗೆಯ ಮೇಜಿನ ಮೇಲೆ ಇಡುವ ಅಭ್ಯಾಸವನ್ನು ಮೊದಲು ಬಿಡಿ. ಮೂಗಿಗೆ ಕರವಸ್ತ್ರ ಕಟ್ಟಿಕೊಳ್ಳುವುದರಿಂದ ಮನಸ್ಸಿಗೆ ಸಮಾಧಾನವೇ ಹೊರತು ಇಷ್ಟು ಸಣ್ಣ ಕಣಗಳನ್ನು ಅದು ತಡೆಯುವುದಿಲ್ಲ.

ಗ್ಯಾಸಿನ ಬಗ್ಗೆ ಎರಡು ಮಾತು. ಎಲ್.ಪಿ.ಜಿ. ಗಾಳಿಗಿಂತ ಭಾರ, ಸೋರಿದರೆ ನೆಲದಲ್ಲಿ ನೀರಿನಂತೆ ಹರಡಿ ನಿಲ್ಲುತ್ತದೆ. ಎದೆಯ ಎತ್ತರದ ಫ್ಯಾನು ಅದನ್ನು ಎಳೆದು ಹಾಕೀತು ಎಂದು ನಂಬಬೇಡಿ. ವಾಸನೆ ಬಂದರೆ ಫ್ಯಾನಿನ ಸ್ವಿಚ್ ಮುಟ್ಟಲೂಬಾರದು. ಅದರ ಕಿಡಿಯೇ ಸಾಕು. ರೆಗ್ಯುಲೇಟರ್ ಮುಚ್ಚಿ, ಬಾಗಿಲು ತೆರೆದು, ಎಲ್ಲರೂ ಹೊರಗೆ ಹೋಗಿ. ಸಿಲಿಂಡರ್ ಮನೆಯ ಹೊರಗಿದ್ದರೆ ಒಳ್ಳೆಯದು. ಇದ್ದಿಲ ಅಗ್ಗಿಷ್ಟಿಕೆ ಬಳಸುವವರಿಗೆ ಅಪಾಯ ಬೇರೆ ಬಗೆಯದು. ದೇವನಹಳ್ಳಿ ಕಡೆಯ ಮಾರ್ಗಶಿರದ ಚಳಿಗೆ ಕೋಣೆ ಮುಚ್ಚಿ ಕೆಂಡ ಕಾಯಿಸಿದರೆ ಕಾರ್ಬನ್ ಮಾನಾಕ್ಸೈಡ್ ತುಂಬುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ತಲೆನೋವು, ಮಂಪರು, ಆಮೇಲೆ ಏಳಲಾಗದ ನಿದ್ದೆ.

ಈಗ ಹುಣಸೆಹಣ್ಣು. ಬೆಸುಗೆಯಾದ ಬೆಳ್ಳಿಯ ಮೇಲಿನ ಕಪ್ಪು ಎಂದರೆ ಅದರಲ್ಲಿ ಬೆರೆತ ತಾಮ್ರವು ಉರಿಯಲ್ಲಿ ಆಮ್ಲಜನಕ ಸೇರಿ ಆದ ಪದರ. ಅದನ್ನು ತೆಗೆಯಲು ಬಹಳ ಕಡೆ ನೀರು ಬೆರೆಸಿದ ಗಂಧಕಾಮ್ಲವನ್ನು, ಕೆಲವೆಡೆ ನೈಟ್ರಿಕ್ ಆಮ್ಲವನ್ನು ಬಳಸುತ್ತಾರೆ. ಕೆಂಪಗೆ ಕಾದ ಒಡವೆಯನ್ನು ನೇರ ಆಮ್ಲಕ್ಕೆ ಹಾಕಿದರೆ ಚುರ್ ಎಂದು ಆಮ್ಲದ ಮಂಜು ಏಳುತ್ತದೆ. ನೈಟ್ರಿಕ್ ಆಮ್ಲದಿಂದ ಕಂದು ಹೊಗೆ ಬರುತ್ತದೆ, ಅದು ಶ್ವಾಸಕೋಶದ ಶತ್ರು. ನಮ್ಮ ಪೆಟ್ಟಿಗೆಯ ಕೆಲಸ ಹೀಗೆ ಎರಡು ಪಟ್ಟಾಗುತ್ತದೆ. ಹುಣಸೆಹಣ್ಣಿನ ಟಾರ್ಟಾರಿಕ್ ಆಮ್ಲ ಇದೇ ಕೆಲಸವನ್ನು ಹೊಗೆಯಿಲ್ಲದೆ ಮಾಡುತ್ತದೆ. ಹೊತ್ತು ಹೆಚ್ಚು ಬೇಕು, ಅಷ್ಟೇ. ಕಾಲು ಲೀಟರು ನೀರಿಗೆ ದೊಡ್ಡ ನಿಂಬೆಗಾತ್ರದ ಹುಣಸೆಹಣ್ಣು ಕಿವುಚಿ, ಸೋಸಿ, ಬಿಸಿಮಾಡಿ, ತಣಿದ ಒಡವೆಯನ್ನು ಅದರಲ್ಲಿ ಬಿಡಿ. ಕುದಿಸಬೇಕಿಲ್ಲ, ಬಿಸಿ ಆರದಂತೆ ನೋಡಿಕೊಂಡರೆ ಸಾಕು. ಪಾತ್ರೆ ಗಾಜಿನದೋ ಪಿಂಗಾಣಿಯದೋ ಇರಲಿ, ಮತ್ತೆ ಅಡುಗೆಗೆ ಬಳಸಬಾರದು. ಆತುರದ ಗಿರಾಕಿ ಬಾಗಿಲಲ್ಲಿ ನಿಂತಿರುವಾಗ ಇಷ್ಟು ತಾಳ್ಮೆ ಎಲ್ಲಿಂದ ಬರಬೇಕು ಎಂದು ಕೇಳುವವರಿದ್ದಾರೆ. ಇನ್ನೊಂದು ಒಡವೆಗೆ ಬೆಸುಗೆ ಹಾಕುವಷ್ಟರಲ್ಲಿ ಮೊದಲನೆಯದು ತಿಳಿಯಾಗಿರುತ್ತದೆ.

ಹಲವು ಸಲ ಬಳಸಿದ ಹುಣಸೆನೀರು ನಿಧಾನವಾಗಿ ನೀಲಿ-ಹಸಿರು ಬಣ್ಣಕ್ಕೆ ತಿರುಗುತ್ತದೆ, ಒಡವೆಯ ಮೈಯಿಂದ ಬಿಟ್ಟ ತಾಮ್ರ ಅದು. ಕಬ್ಬಿಣದ ಚಿಮುಟವನ್ನು ಅದರಲ್ಲಿ ಅದ್ದಿ ಬೆಳ್ಳಿಯನ್ನು ಹಿಡಿದರೆ ಬೆಳ್ಳಿಗೆ ಕೆಂಪು ತಾಮ್ರದ ಲೇಪ ಅಂಟಿಬಿಡುತ್ತದೆ. ಅದಕ್ಕೇ ಮರದ ಅಥವಾ ತಾಮ್ರದ ಚಿಮುಟ ಬಳಸಬೇಕು. ಮಕ್ಕಳು ಇದನ್ನು ಬೇಕೆಂದೇ ಮಾಡಿ ನೋಡಬಹುದು: ತಣ್ಣಗಾದ ಹಳೆಯ ಹುಣಸೆನೀರಿಗೆ ಉಜ್ಜಿ ತೊಳೆದ ಒಂದು ಕಬ್ಬಿಣದ ಮೊಳೆ ಹಾಕಿಡಿ. ಸ್ವಲ್ಪ ಹೊತ್ತಿನಲ್ಲಿ ಮೊಳೆ ತಾಮ್ರದ ಬಣ್ಣ ತಾಳುತ್ತದೆ. ಆ ನೀರನ್ನು ಗಿಡದ ಬುಡಕ್ಕೋ ಬಾವಿಕಟ್ಟೆಗೋ ಚೆಲ್ಲದೆ, ಅಗಲ ತಟ್ಟೆಯಲ್ಲಿ ಹಾಕಿ, ಹಸು, ನಾಯಿ ಬಾಯಿ ಹಾಕದ ಕಡೆ ಬಿಸಿಲಿಗಿಟ್ಟು ಒಣಗಿಸಿ. ತಳದಲ್ಲಿ ಉಳಿದ ಗಸಿಯನ್ನು ಕಾಗದದಲ್ಲಿ ಕಟ್ಟಿ, ಹಳೆಯ ಬೆಸುಗೆಯ ಚೂರು, ಕಸಗಳ ಡಬ್ಬಿಗೆ ಸೇರಿಸಿಬಿಡಿ.